ಧಣಿಯೂ ಸರ್ಕಾರ, ತಪಾಸಣೆಯೂ ಸರ್ಕಾರ

ಕೋಲಾರದ ಗಣಿ ಅಂದ್ರ ನಮಗೆಲ್ಲ ಬಂಗಾರ ನೆನಪಾಗತೈತಿ. ಅಲ್ಲಿ ದುಡಿದವರು ಹೆದರಿದ್ದು ಎರಡಕ್ಕೆ: ಸಿಡಿಯೋ ಬಂಡೆಗೆ, ಎದೆಗಿಳಿಯೋ ಧೂಳಿಗೆ.

ಜಾನ್ ಟೇಲರ್ ಕಂಪನಿ ಅಲ್ಲಿ 1880ರಲ್ಲಿ ಕೆಲಸ ಶುರುಮಾಡಿತು. ಮುಂದೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆ ಆಳದ ಒತ್ತಡಕ್ಕೆ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಕಟ್ಟಿಗೆಯ ಆಸರೆ ಸಾಲದೆ ಗ್ರಾನೈಟ್ ಗೋಡೆ ಕಟ್ಟಿದರು. ಗೋಡೆ ಐತೋ ಇಲ್ಲೋ, ಇನ್‌ಸ್ಪೆಕ್ಟರ್ ಕಣ್ಣಿಂದ ನೋಡಬಹುದಿತ್ತು.

ಧೂಳಿನ ಮಾತು ಬೇರೆ. ಬಿಳಿಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ಪುಡಿ ಶ್ವಾಸಕೋಶದಲ್ಲಿ ಕೂತು ವರ್ಷಗಟ್ಟಲೆ ಸುಮ್ಮನಿರುತ್ತದೆ. ಅದೇ ಸಿಲಿಕೋಸಿಸ್. ಮೈಸೂರು ಸಂಸ್ಥಾನ 1940ರಲ್ಲಿ ಇದಕ್ಕೆಂದೇ ನಿಯಮ ತಂದಿತು. ಆ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು. ಗಣಿ ನೋಡಿದರಷ್ಟೇ ಸಾಲದು, ಗಣಿಯಿಂದ ಮೇಲೆ ಬಂದ ಮನುಷ್ಯನನ್ನೂ ನೋಡಬೇಕು ಅನ್ನೋ ಪಾಠ ಅಲ್ಲೈತಿ.

ಇನ್ನೊಂದು ಪಾಠ ಮಾಲೀಕತ್ವದ್ದು. 1952ರ ಗಣಿ ಕಾಯ್ದೆ ಪ್ರಕಾರ, ಯಾವುದೇ ಗಣಿಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಿತಾಸಕ್ತಿ ಇದ್ದವರು ಗಣಿ ಇನ್‌ಸ್ಪೆಕ್ಟರ್ ಆಗುವಂತಿರಲಿಲ್ಲ. ನೇಮಕ ಮಾಡುತ್ತಿದ್ದುದು ಕೇಂದ್ರ ಸರ್ಕಾರ. 1956ರಲ್ಲಿ ಮೈಸೂರು ಸರ್ಕಾರ ಕೋಲಾರದ ಗಣಿಗಳನ್ನು ತನ್ನದಾಗಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಅಲ್ಲಿಗೆ ಧಣಿಯೂ ಅವರೇ, ತಪಾಸಣೆಗೆ ಬರುವವರೂ ಅವರ ಕಡೆಯವರೇ. ಇನ್‌ಸ್ಪೆಕ್ಟರ್ ಎಷ್ಟೇ ಪ್ರಾಮಾಣಿಕನಿರಲಿ, ಅಣ್ಣನ ಲೆಕ್ಕ ತಮ್ಮ ನೋಡಿದರೆ ಊರವರು ನಂಬೋದು ಕಷ್ಟ.

ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. ಅಮೆರಿಕದ ಕೆಲಸದ ಸುರಕ್ಷತಾ ಇಲಾಖೆ ಖಾಸಗಿ ಕಾರ್ಖಾನೆಗೆ ದಂಡ ಹಾಕುತ್ತದೆ, ಕೇಂದ್ರ ಸರ್ಕಾರದ ಕಚೇರಿಗೆ ಹಾಕಲಾರದು. ಹಾಗಂತ ತಪಾಸಣೆಯೇ ದಂಡ ಅನ್ನಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಚೀಟಿ ಎತ್ತಿದಂತೆ ಆರಿಸಿ ತಪಾಸಣೆ ಮಾಡಿದ ಕಡೆಗಳನ್ನು, ಮಾಡದ ಅಂಥವೇ ಕಡೆಗಳ ಜೊತೆ ಹೋಲಿಸಿದರು. ತಪಾಸಣೆ ಆದಲ್ಲಿ ಗಾಯಗಳು ಶೇ. 9.4 ಕಡಿಮೆ. 2012ರಲ್ಲಿ ಪ್ರಕಟವಾದ ಲೆಕ್ಕ ಇದು. ಅವರು ಎಣಿಸಿದ್ದು ಭೇಟಿಗಳನ್ನಲ್ಲ, ಗಾಯಗಳನ್ನು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಪ್ರಶ್ನೆ ಮುಚ್ಚಿಲ್ಲ. ನಮ್ಮ ಘೋಣಸಗಿಯಲ್ಲಿ ಮಳೆಗಾಳಿಗೆ ತಂತಿ ಹರಿದರೆ ಲೈನ್‌ಮನ್ ಕಂಬ ಹತ್ತುತ್ತಾನೆ. ಆ ಕಂಬವೂ ಸರ್ಕಾರಿ ಕೆಲಸದ ಜಾಗವೇ. ಹೆಸ್ಕಾಂ ಇರುವುದು ಇಂಧನ ಇಲಾಖೆಯಡಿ, ವಿದ್ಯುತ್ ಪರಿವೀಕ್ಷಣಾಲಯ ಇರುವುದೂ ಅದೇ ಇಲಾಖೆಯಡಿ. ಮತ್ತ ಅಣ್ಣ-ತಮ್ಮನ ಲೆಕ್ಕ!

ಎರಡನ್ನೂ ಬೇರೆ ಮಾಡೋದು ದೊಡ್ಡ ಮಾತು, ತಡ ಆಗಬಹುದು. ಆದರೆ ಒಂದು ಕೆಲಸ ಇವತ್ತೇ ಆಗತೈತಿ. ಇಷ್ಟು ಕಡೆ ತಪಾಸಣೆ ಮಾಡಿದೆವು ಅಂತ ಬರೆಯುವ ಪುಟದಲ್ಲೇ, ತಪಾಸಣೆಗೆ ಮೊದಲು ಎಷ್ಟು ಮಂದಿಗೆ ಗಾಯ, ಆಮೇಲೆ ಎಷ್ಟು ಮಂದಿಗೆ ಅಂತ ಬರೆಯಲಿ. ಗುತ್ತಿಗೆಯವರನ್ನೂ ಅದರಾಗ ಸೇರಿಸಲಿ. ಆ ಪುಟವನ್ನು ಕಂಬ ಹತ್ತುವವನ ಹೆಂಡತಿಯೂ ಓದುವಂತಿರಲಿ.