ಮರಳಿನ ಮೇಲಣ ಅಕ್ಷರಕ್ರಮ

ಕ್ರಿ.ಶ. 1623ನೆಯ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಪೋರ್ಚುಗೀಸರ ರಾಯಭಾರಿಯೊಡನೆ ವೆಂಕಟಪ್ಪನಾಯಕನ ಆಸ್ಥಾನಕ್ಕಾಗಿ ಇಕ್ಕೇರಿಯ ಕಡೆಗೆ ಹೊರಟಿದ್ದನು. ಘಟ್ಟದ ದಾರಿಯಲ್ಲಿ ಒಂದು ದೇವಾಲಯದ ಮೊಗಸಾಲೆಯಲ್ಲಿ ನಾಲ್ವರು ಬಾಲಕರು ಲೆಕ್ಕವನ್ನು ಕಲಿಯುತ್ತಿರುವುದನ್ನು ಆತನು ಕಂಡನು. ಒಬ್ಬನು ಪಾಠವನ್ನು ರಾಗವಾಗಿ ಹಾಡುವನು. ಹಾಡುತ್ತಲೇ ಆ ಅಂಕವನ್ನು ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಹಾಗೆಯೇ ಹಾಡಿ ಹಾಗೆಯೇ ಬರೆಯುವರು. ನೆಲವು ತುಂಬಿದರೆ ಅಳಿಸಿ ಮತ್ತೆ ಮರಳು ಚೆಲ್ಲುವರು. ಗುರುವಿಲ್ಲದಿರುವಾಗ ತಪ್ಪಿದರೆ ತಿದ್ದುವವರಾರು ಎಂದು ಆತನು ಕೇಳಲು, ನಾಲ್ವರೂ ಏಕಕಾಲದಲ್ಲಿ ಒಂದೇ ಕಡೆ ಎಡವುವುದು ಸಾಧ್ಯವಿಲ್ಲವೆಂದು ಆ ಹುಡುಗರು ಉತ್ತರವಿತ್ತರಂತೆ.

ಅಕ್ಷರಾಭ್ಯಾಸಕ್ಕೂ ಇದೇ ಮರಳು, ಇದೇ ಬೆರಳು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ಎಂಬವನು ಮದರಾಸು ಸರಕಾರಕ್ಕೆ 1823ರಲ್ಲಿ ಕಳುಹಿಸಿದ ವರದಿಯಲ್ಲಿ ಇದರ ವಿವರಗಳಿವೆ. ಐದನೆಯ ವಯಸ್ಸಿನಲ್ಲಿ ಗಣಪತಿಯ ಮುಂದೆ ಮಗುವನ್ನು ಕುಳ್ಳಿರಿಸಿ, ಅದರ ಬೆರಳನ್ನು ಗುರುವೇ ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುವನು. ಅನಂತರ ಶಾಲೆಯಲ್ಲಿ ಮರಳಿನ ಮೇಲೆ ವರ್ಣಮಾಲೆ, ಬಳಿಕ ಕಾಗುಣಿತ, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲುವಾದ ಛಡಿಯೇಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಕ್ರಮದಲ್ಲಿ ಏಟುಗಳು ಏರುತ್ತಿದ್ದುವು. ಮೂವತ್ತನೆಯವನಾಗಿ ಬಂದ ದುರ್ದೈವಿಯು ಕ್ರಮವೆಂದರೇನೆಂಬುದನ್ನು ಅಕ್ಷರಕ್ಕಿಂತ ಮೊದಲೇ ಕಲಿತಿರಬೇಕು! ಹಳೆಯ ಕೂಲಿಮಠಗಳನ್ನು ಹೊಗಳುವವರು ಇದನ್ನು ಮರೆಯಬಾರದು. ಆ ಜಿಲ್ಲೆಯ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಒಟ್ಟು 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳೆಂದು ಲೆಕ್ಕಕ್ಕೆ ಬಂದವರು ಕೇವಲ 60.

ಬಾಲಕನು ಹಾಡಿ ಕಲಿಯುತ್ತಿದ್ದ ಆ ಕ್ರಮವಾದರೋ ಬಹು ಪ್ರಾಚೀನವಾದುದು. ಏಳನೆಯ ಶತಮಾನದ ಚೀನೀ ಯಾತ್ರಿಕ ಇತ್ಸಿಂಗನು ಭಾರತದ ಮಕ್ಕಳು ಆರನೆಯ ವಯಸ್ಸಿನಲ್ಲಿ ‘ಸಿದ್ಧಂ’ ಎಂಬ ಪಾಠವನ್ನು ಆರಂಭಿಸಿ, ಆರು ತಿಂಗಳಲ್ಲಿ ಮುಗಿಸುತ್ತಿದ್ದರೆಂದು ಬರೆದಿದ್ದಾನೆ. ಅದರಲ್ಲಿ 49 ಅಕ್ಷರಗಳು. ಕನ್ನಡದ ‘ಓನಾಮ’ವು ಅದೇ ಸಿದ್ಧನಮಸ್ಕಾರದ ಸವೆದ ರೂಪ. ಕಂಠದಲ್ಲಿ ಹುಟ್ಟುವ ಕವರ್ಗ, ತಾಲುವಿನ ಚವರ್ಗ, ಮೂರ್ಧದ ಟವರ್ಗ, ದಂತದ ತವರ್ಗ, ತುಟಿಯ ಪವರ್ಗ—ಹೀಗೆ ಒಳಗಿನಿಂದ ಹೊರಕ್ಕೆ ನಾದವು ನಡೆದು ಬರುತ್ತದೆ. ಪ್ರತಿಯೊಂದು ಸಾಲಿನಲ್ಲಿಯೂ ಅಲ್ಪಪ್ರಾಣದ ಮಗ್ಗುಲಿಗೆ ಮಹಾಪ್ರಾಣ, ಕೊನೆಗೆ ಅನುನಾಸಿಕ. ಮಗುವು ನಡುವೆ ಒಂದಕ್ಷರವನ್ನು ಮರೆತರೂ ನಾಲಗೆಯೇ ಅದನ್ನು ಹುಡುಕಿಕೊಡಬಲ್ಲುದು. ಇದನ್ನು ಬರಿಯ ಗಿಳಿಪಾಠವೆನ್ನುವುದು ಅರ್ಧ ಸತ್ಯ. ಪಾಠವು ಗಿಳಿಯದಾದರೂ ಪಾಠಕ್ರಮವನ್ನು ಹೊಂದಿಸಿದವರು ಶಾಸ್ತ್ರಜ್ಞರು.

1787ರಲ್ಲಿ ಮದರಾಸಿಗೆ ಬಂದ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ಲನು, 1789ರಿಂದ ಎಗ್ಮೋರಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದನು. ಒಂದು ಬೆಳಗ್ಗೆ ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಹಾಗೆಯೇ ಮಾಡಿಸಬೇಕೆಂದನು. ಅಲ್ಲಿಯ ಉಪಾಧ್ಯಾಯನು ಅದು ಅಸಾಧ್ಯವೆಂದನು. ಬೆಲ್ಲನು ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಚಿಕ್ಕವರ ತರಗತಿಯನ್ನು ಒಪ್ಪಿಸಿದನು, ಕೆಲಸ ಕೈಗೂಡಿತು. 1797ರಲ್ಲಿ ಆತನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದಿಂದ ‘ಮದರಾಸು ಪದ್ಧತಿ’ಯು ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಯಿತು. ಆದರೆ ಮರಳೂ ಬಾಲಗುರುವೂ ಕಡಲನ್ನು ದಾಟಿದುವು, ವರ್ಣಕ್ರಮವು ದಾಟಲಾರದೆ ಹೋಯಿತು. ರೋಮನ್ ಲಿಪಿಯ ಅಕ್ಷರಗಳು ಫಿನೀಷಿಯರಿಂದ ಪರಂಪರೆಯಾಗಿ ಬಂದ ಸಾಲಿನಲ್ಲಿ ನಿಂತಿವೆಯಲ್ಲದೆ, ಎ ಆದ ಮೇಲೆ ಬಿ ಏಕೆಂಬುದಕ್ಕೆ ಬಾಯಿಯಲ್ಲಿ ಉತ್ತರವಿಲ್ಲ. ಆದುದರಿಂದಲೇ ಇರಬಹುದು, ಲಂಡನ್ನಿನಲ್ಲಿ ಬಡಮಕ್ಕಳಿಗೆ ಶಾಲೆಯನ್ನು ನಡೆಸಿದ ಜೋಸೆಫ್ ಲ್ಯಾಂಕಾಸ್ಟರನು ಆ ಸಾಲನ್ನು ಬಿಟ್ಟು, ನೆಟ್ಟಗಿನ ಗೆರೆಯವು, ಕೋನದವು, ದುಂಡಗಿನವು ಎಂದು ಆಕಾರದಿಂದ ಅಕ್ಷರಗಳನ್ನು ವಿಂಗಡಿಸಿ ಮರಳಿನಲ್ಲಿ ಬರೆಯಿಸಿದನು.

ಅಂತಹುದೇ ವಿಚಾರವು ಕನ್ನಡನಾಡಿನಲ್ಲಿಯೂ ಕಾಣಿಸಿಕೊಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯ ತರಗತಿಗಳಲ್ಲಿ ಆಟ ಹಾಡುಗಳಿಗೆ ಸ್ಥಾನವುಂಟು, ಛಡಿಗಿಲ್ಲ. ಇದು ದೊಡ್ಡ ಲಾಭ. ಒಂದನೆಯ ತರಗತಿಯ ಮಗುವು ಅಆಇಈ ಎಂಬುದಕ್ಕೆ ಬದಲಾಗಿ ರ, ಗ, ಸ, ದ, ಅ ಎಂದು ತೊಡಗಿ, ಬೇಗನೆ ‘ಗರಗಸ’ವನ್ನು ಬರೆದು ಹಿಗ್ಗುತ್ತದೆ. ಕೈಗೆ ಇದು ಸುಲಭ, ಸಂದೇಹವಿಲ್ಲ. ಆದರೆ ಮುಂದೆ ವರ್ಣಮಾಲೆಯನ್ನು ಸಾಲಾಗಿ ಕಲಿಸುವ ದಿನವನ್ನು ಉಪಾಧ್ಯಾಯರು ತಪ್ಪಿಸಿದರೆ, ಆ ಮಗುವಿಗೆ ಓದು ಬಂದೂ ನಿಘಂಟು ಬಾರದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದಲ್ಲಿ ‘ಮರಳು’ ಎಂಬ ಶಬ್ದವನ್ನು ಹುಡುಕುವವನು ಐದು ವರ್ಗಗಳನ್ನೂ ದಾಟಿ ಪವರ್ಗದ ಕಡೆಯ ಅಕ್ಷರಕ್ಕೆ ಹೋಗಬೇಕು. ಅಲ್ಲಿ ಯಕಾರವನ್ನು ಹಿಂದಿಕ್ಕಿ ರಕಾರದಲ್ಲಿ ನಿಲ್ಲಬೇಕು. ಆಮೇಲೆ ಸಾಲಿನ ತುದಿಯ ಳಕಾರದವರೆಗೆ ಹಾಳೆ ಮಗುಚಬೇಕು.