ಕನ್ನಡಿಗರ ಇಂಗ್ಲಿಷ್ ಉಚ್ಚಾರಣೆ

ಕನ್ನಡ ಮನೆಮಾತಿನವರು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವಾಗ ಅದರ ಧ್ವನಿ, ಪದದ ಒತ್ತು ಮತ್ತು ವಾಕ್ಯದ ಏರಿಳಿತಗಳನ್ನು ಕೇಳುಗರಿಗೆ ತಿಳಿಯುವಂತೆ ರೂಢಿಸಿಕೊಳ್ಳುವ ಬಗೆ. ಉಚ್ಚಾರಣೆಯ ಸ್ಪಷ್ಟತೆ ಬೇರೆ, ಆಡುಮಾತಿನಲ್ಲಿ ‘ಆ್ಯಕ್ಸೆಂಟ್’ ಎನ್ನುವ ಧಾಟಿ ಬೇರೆ. ಕೆನಡಾದ ಸಂಶೋಧಕರಾದ ಮರ್ರೆ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಅಳೆದು, ಪರಭಾಷೆಯ ಧಾಟಿ ದಟ್ಟವಾಗಿರುವ ಮಾತೂ ಕೇಳುಗರಿಗೆ ಪೂರ್ತಿ ಅರ್ಥವಾಗಬಲ್ಲದು ಎಂದು ತೋರಿಸಿದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ‘ನನ್ನ ಇಂಗ್ಲಿಷ್ ಹಳ್ಳಿ ಇಂಗ್ಲಿಷ್’ ಎಂದು ಬಾಯಿ ತೆರೆಯಲು ಹಿಂಜರಿಯುವ ಸಾವಿರಾರು ಹುಡುಗ ಹುಡುಗಿಯರಿಗೆ ಮೊದಲು ಹೇಳಬೇಕಾದ ಸಂಗತಿ ಇದು.

ಕನ್ನಡಿಗರು ಬರಿಗೈಯಲ್ಲಿ ಈ ಕಲಿಕೆಗೆ ಇಳಿಯುವುದಿಲ್ಲ. ವರ್ಣಮಾಲೆಯ ವರ್ಗೀಯ ವ್ಯಂಜನಗಳ ಸಾಲು ಗಂಟಲಿನಿಂದ ಹೊರಟು ತಾಲು, ಮೂರ್ಧ, ಹಲ್ಲುಗಳನ್ನು ದಾಟಿ ತುಟಿಗೆ ಬಂದು ನಿಲ್ಲುತ್ತದೆ. ನಾಲಗೆ ಎಲ್ಲಿ ತಾಗುತ್ತದೆ, ಉಸಿರು ಹೇಗೆ ಹೊರಡುತ್ತದೆ ಎಂಬ ವಿಂಗಡಣೆಯನ್ನು ಮಗು ಒಂದನೆಯ ತರಗತಿಯಲ್ಲೇ ಬಾಯಿಪಾಠ ಮಾಡಿರುತ್ತದೆ. ಇಂಗ್ಲಿಷಿನ ಅಕ್ಷರಮಾಲೆಯಲ್ಲಿ ಇಂಥ ಕ್ರಮವಿಲ್ಲ. ಬ್ರಿಟನ್ನಿನ ಶಿಷ್ಟ ಉಚ್ಚಾರಣೆಯ ಸುಮಾರು 44 ಧ್ವನಿಮಾಗಳನ್ನು ಅಲ್ಲಿನ 26 ಅಕ್ಷರಗಳೇ ಹೊರಬೇಕು. ಹೀಗಿದ್ದೂ ನಮ್ಮ ಇಂಗ್ಲಿಷ್ ತರಗತಿಗಳು ವರ್ಣಮಾಲೆಯ ಈ ತಿಳಿವಳಿಕೆಯನ್ನು ಬಳಸಿಕೊಳ್ಳುವುದು ವಿರಳ.

ವ್ಯಂಜನಗಳು

ಇಂಗ್ಲಿಷಿನ ಟಕಾರ ಡಕಾರಗಳು ನಮ್ಮ ಮೂರ್ಧನ್ಯ ಟ, ಡಗಳಷ್ಟು ಹಿಂದಕ್ಕೆ ಹೋಗುವುದಿಲ್ಲ. ‘ಲ’ ಎನ್ನುವಾಗ ನಾಲಗೆಯ ತುದಿ ತಾಗುವ ಮೇಲ್ವಸಡಿನ ಜಾಗದಲ್ಲೇ ‘ಟ’ ಎನ್ನಲು ಯತ್ನಿಸಿದರೆ ಹತ್ತಿರ ಬರುತ್ತದೆ. ಕನ್ನಡದ ‘ವ’ ಇಂಗ್ಲಿಷಿನ ಎರಡು ಧ್ವನಿಗಳ ನಡುವೆ ನಿಲ್ಲುವುದರಿಂದ ಪಶ್ಚಿಮ ದಿಕ್ಕಿನ ‘ವೆಸ್ಟ್’, ಒಳಉಡುಪಿನ ‘ವೆಸ್ಟ್’ ಎರಡೂ ಒಂದೇ ಆಗಿಬಿಡುತ್ತವೆ. ಮೊದಲನೆಯದಕ್ಕೆ ತುಟಿ ದುಂಡಗಾಗಬೇಕು, ಹಲ್ಲು ಸೋಕಬಾರದು. ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮೆಲ್ಲಗೆ ಮುಟ್ಟಬೇಕು. ‘ಜ಼ೂ’ ಎಂಬಲ್ಲಿನ ಧ್ವನಿ ಅಚ್ಚಗನ್ನಡದಲ್ಲಿಲ್ಲ; ‘ಸ’ ಎಳೆಯುತ್ತಲೇ ಕಂಠ ಕಂಪಿಸುವಂತೆ ಮಾಡಿದರೆ ಅದು ಹುಟ್ಟುತ್ತದೆ. ಹಳೆಯ ಮೈಸೂರಿನ ಗ್ರಾಮೀಣ ಮಾತಿನಲ್ಲಿ ಹಾಲು ‘ಆಲು’ ಆಗುವುದರಿಂದ ಆ ಕಡೆಯ ಕೆಲವರಿಗೆ ಗಾಳಿಯ ‘ಏರ್’, ಕೂದಲಿನ ‘ಹೇರ್’ ಎರಡನ್ನೂ ಬೇರೆ ಮಾಡಲು ವಿಶೇಷ ಗಮನ ಬೇಕು.

ಪದದ ಮೊದಲಲ್ಲಿ, ಒತ್ತು ಬೀಳುವ ಕಡೆ, ಇಂಗ್ಲಿಷಿನ ಪ, ಟ, ಕಗಳು ತುಸು ಉಸಿರಿನೊಡನೆ ಹೊರಡುತ್ತವೆ. ಅಲ್ಪಪ್ರಾಣವಾಗಿ ‘ಪಿನ್’ ಎಂದರೆ ಲಂಡನ್ನಿನ ಕಿವಿಗೆ ಅದು ‘ಬಿನ್’ ಎಂದು ಕೇಳಿಸಬಹುದು. ಮಹಾಪ್ರಾಣ ಕನ್ನಡಿಗರಿಗೆ ಹೊಸದಲ್ಲ. ಖ, ಠಗಳನ್ನು ಸ್ಪಷ್ಟವಾಗಿ ನುಡಿಯಬಲ್ಲವರು ಆ ಉಸಿರನ್ನು ಇಲ್ಲಿ ಸ್ವಲ್ಪ ಬಳಸಿದರೆ ಸಾಕು. ‘ಥಿಂಕ್’ ಎಂಬಲ್ಲಿನ ಹಲ್ಲಿನ ನಡುವಿನ ಧ್ವನಿಗೆ ತರಗತಿಗಳಲ್ಲಿ ಬಹಳ ಹೊತ್ತು ಕಳೆಯುತ್ತಾರೆ. ಆದರೆ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೇರೆಬೇರೆ ಭಾಷೆಯವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಅಗತ್ಯವಾದ ಅಂಶಗಳನ್ನು ಆಯ್ದು ಪಟ್ಟಿ ಮಾಡಿದ್ದಾರೆ. ಈ ಧ್ವನಿ ಆ ಪಟ್ಟಿಯಲ್ಲಿ ಇಲ್ಲ; ಮೊದಲ ಪ, ಟ, ಕಗಳ ಉಸಿರು, ಸ್ವರದ ಹ್ರಸ್ವ ದೀರ್ಘಗಳು ಇವೆ. ಎರಡೂ ಕನ್ನಡಿಗರಿಗೆ ಸುಲಭಸಾಧ್ಯ.

ಪದದ ಕೊನೆ

ಬಸ್ಸು, ಕಾರು, ರೋಡು ಎಂಬ ರೂಪಗಳ ಹಿಂದೆ ಶತಮಾನಗಳ ಇತಿಹಾಸವಿದೆ. ಹಳಗನ್ನಡದಲ್ಲಿ ಕಣ್, ಪಾಲ್, ಬೇರ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ಮುಂದೆ ಕಣ್ಣು, ಹಾಲು, ಬೇರು ಎಂದು ಸ್ವರಾಂತವಾದವು. ಹ್ರಸ್ವದ ಮುಂದಿನ ವ್ಯಂಜನ ಇಮ್ಮಡಿಸಿತು, ದೀರ್ಘದ ಮುಂದಿನದು ಹಾಗೇ ಉಳಿಯಿತು. ಕಣ್ಣಿನ ದಾರಿಯಲ್ಲೇ ಬಸ್ಸು, ಹಾಲಿನ ದಾರಿಯಲ್ಲೇ ಕಾರು ಬಂದವು. ಕನ್ನಡ ವಾಕ್ಯದಲ್ಲಿ ಇವು ಸರಿಯಾದ ಕನ್ನಡ ಪದಗಳೇ; ಅವನ್ನು ತಿದ್ದಹೊರಡುವುದು ಅವಿವೇಕ. ಇಂಗ್ಲಿಷ್ ವಾಕ್ಯಕ್ಕೆ ಹೋದಾಗ ಮಾತ್ರ ಕೊನೆಯ ಉಕಾರವನ್ನು ಬಿಡಬೇಕಾಗುತ್ತದೆ. ‘ಸ್ಕೂಲ್’ ಎಂಬುದರ ಮುಂದೆ ಇಕಾರ ಸೇರಿ ‘ಇಸ್ಕೂಲು’ ಆಗುವುದು, ‘ಸ್ಟೇಷನ್’ ಮೊದಲಕ್ಷರ ಸವೆದು ‘ಟೇಸನ್’ ಆಗುವುದು ಇದೇ ಜಾಯಮಾನದ ಇನ್ನೊಂದು ಮುಖ.

ಸ್ವರಗಳು

ಎಲ್ಲಿ ಎಂಬುದು ‘ಯೆಲ್ಲಿ’, ಒಂದು ಎಂಬುದು ‘ವೊಂದು’ ಎಂದು ಬಾಯಲ್ಲಿ ಬರುವಂತೆ ಇಂಗ್ಲಿಷಿನ ‘ಎವ್ರಿ’, ‘ಓನ್ಲಿ’ಗಳೂ ಯಕಾರ ವಕಾರಗಳನ್ನು ತಲೆಗೆ ಅಂಟಿಸಿಕೊಳ್ಳುತ್ತವೆ. ಕಿವಿ ಎಂಬರ್ಥದ ‘ಇಯರ್’ ಮತ್ತು ವರ್ಷ ಎಂಬರ್ಥದ ‘ಯಿಯರ್’ ಒಂದಾಗುವುದು ಇದರಿಂದಲೇ. ‘ಬ್ಯಾಂಕ್’ ಎಂದು ಬರೆದಿದ್ದನ್ನು ಯಕಾರ ಸೇರಿಸಿ ಓದುವವರಿದ್ದಾರೆ. ಆದರೆ ‘ಬ್ಯಾಡ’, ‘ಮ್ಯಾಲೆ’ ಎನ್ನುವ ಆಡುಗನ್ನಡದ ಬಾಯಿಗೆ ಬೇಕಾದ ಸ್ವರ ಆಗಲೇ ಬಂದಿರುತ್ತದೆ. ಅದನ್ನು ಅಶುದ್ಧವೆಂದು ಶಾಲೆಯಲ್ಲಿ ತಿದ್ದಿ, ಅದೇ ಸ್ವರವನ್ನು ಇಂಗ್ಲಿಷ್ ಪಾಠದಲ್ಲಿ ಹೊಸದಾಗಿ ಕಲಿಸುವುದು ವ್ಯರ್ಥ ಶ್ರಮ.

ಒತ್ತು ಮತ್ತು ಲಯ

ಕನ್ನಡಿಗರ ಇಂಗ್ಲಿಷ್ ತಿಳಿಯದೆ ಹೋಗುವುದು ಹೆಚ್ಚಾಗಿ ಇಲ್ಲಿ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ತನ್ನ ಮಾತ್ರೆ ಸಲ್ಲುತ್ತದೆ. ಲಘು ಒಂದು, ಗುರು ಎರಡು. ಒತ್ತು ಸ್ಥಳ ಬದಲಿಸಿದರೆ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಪದದ ಒಂದು ಭಾಗ ಎದ್ದು ನಿಂತರೆ ಉಳಿದವು ಮಸುಕಾಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಫೋಟೋಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ‘ಹೋಟೆಲ್’, ‘ಡೆವಲಪ್’, ‘ಕಮಿಟಿ’ಗಳನ್ನು ನಾವು ಮೊದಲಕ್ಷರ ಎತ್ತಿ ಹೇಳುತ್ತೇವೆ, ಮೂರರಲ್ಲೂ ಒತ್ತು ಎರಡನೆಯ ಭಾಗಕ್ಕೆ. ಹದಿಮೂರನ್ನು ಹೇಳುವ ‘ಥರ್ಟೀನ್’ ಒಂಟಿಯಾಗಿ ನಿಂತಾಗ ಕೊನೆಗೆ ಏರುತ್ತದೆ, ಮೂವತ್ತನ್ನು ಹೇಳುವ ‘ಥರ್ಟಿ’ ಮೊದಲಲ್ಲಿ ಏರುತ್ತದೆ. ದುಡ್ಡಿನ ಲೆಕ್ಕವನ್ನು ಫೋನಿನಲ್ಲಿ ಹೇಳುವಾಗ ಇದು ಸಣ್ಣ ವಿಷಯವಲ್ಲ. ಆರ್. ಕೆ. ಬನ್ಸಲ್ ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟರಮಟ್ಟಿಗೆ ತಿಳಿಯುತ್ತದೆ ಎಂದು ಪರೀಕ್ಷಿಸಿದ್ದರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 1969ರಲ್ಲಿ ಪ್ರಕಟಿಸಿದ ಅವರ ಅಧ್ಯಯನವೂ ಒತ್ತು ತಪ್ಪುವುದನ್ನು ಮುಖ್ಯ ತೊಡಕುಗಳಲ್ಲಿ ಎಣಿಸಿತು.

ಒತ್ತಿಗೆ ಕೆಲವು ಗಟ್ಟಿ ಸೂತ್ರಗಳಿವೆ. ‘ಶನ್’ ಎಂದು ಮುಗಿಯುವ ಎಜುಕೇಶನ್, ಇನ್ಫರ್ಮೇಶನ್‌ಗಳಲ್ಲಿ ಒತ್ತು ಅದರ ಹಿಂದಿನ ಭಾಗಕ್ಕೇ ಬೀಳುತ್ತದೆ. ಒತ್ತಿಲ್ಲದ ಭಾಗದ ಸ್ವರವನ್ನು ಮಸುಕುಗೊಳಿಸುವುದೇ ಕಷ್ಟ, ಏಕೆಂದರೆ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಪ್ರತಿ ಸ್ವರವೂ ತುಂಬಿಕೊಂಡು ಕಾಣುತ್ತದೆ. ಇಲ್ಲಿಯೂ ಆಡುಗನ್ನಡ ನೆರವಿಗೆ ಬರುತ್ತದೆ. ಬರುತ್ತಾನೆ ಎಂದು ಬರೆದು ‘ಬರ್ತಾನೆ’ ಎನ್ನುವಾಗ ನಡುವಿನ ಸ್ವರವನ್ನು ನುಂಗುತ್ತೇವಲ್ಲ, ಅದಕ್ಕೆ ಹತ್ತಿರದ ಕೆಲಸವನ್ನೇ ‘ಸಪೋರ್ಟ್’ನ ಮೊದಲ ಸ್ವರಕ್ಕೆ, ‘ಟೀಚರ್’ನ ಕೊನೆಯ ಸ್ವರಕ್ಕೆ ಮಾಡಬೇಕು.

ಕಾಗುಣಿತವನ್ನು ನಂಬಿ ಓದುವುದು ಇನ್ನೊಂದು ತೊಡಕು. ಬರೆದಂತೆ ಓದುವ ಭಾಷೆಯಿಂದ ಬಂದವರು ‘ಕಬರ್ಡ್’ ಎಂಬುದನ್ನು ‘ಕಪ್‌ಬೋರ್ಡ್’ ಎಂದು ಓದುವುದು ಸಹಜ. ಭೂತಕಾಲದ ಪ್ರತ್ಯಯ ‘ವಾಕ್ಡ್’ ಎಂದು ಕಂಡರೂ ನುಡಿಯುವುದು ‘ವಾಕ್ಟ್’ ಎಂದು.

ಅಭ್ಯಾಸದ ಬಗೆ

ಬಾಯಿಗಿಂತ ಮೊದಲು ಕಿವಿ ಪಳಗಬೇಕು. ಅಮೆರಿಕದಲ್ಲಿದ್ದ ಜಪಾನಿ ಮನೆಮಾತಿನವರಿಗೆ ಇಂಗ್ಲಿಷಿನ ರ, ಲ ಭೇದವನ್ನು ಕಲಿಸುವ ಪ್ರಯೋಗವನ್ನು ಲೋಗನ್, ಲೈವ್ಲಿ ಮತ್ತು ಪಿಸೋನಿ 1991ರಲ್ಲಿ ವರದಿ ಮಾಡಿದರು. ಹಲವು ಜನರ ದನಿಯಲ್ಲಿ, ಹಲವು ಪದಗಳಲ್ಲಿ ಅದೇ ಭೇದವನ್ನು ಕೇಳಿಸಿದಾಗ ವಯಸ್ಕರ ಕಿವಿಯೂ ಸುಧಾರಿಸಿತು. ಬಾಲ್ಯ ಕಳೆದ ಮೇಲೆ ಧಾಟಿ ಪೂರ್ತಿ ಬದಲಾಗುವುದು ಅಪರೂಪ. ಆದರೆ ಸ್ಪಷ್ಟತೆ ಯಾವ ವಯಸ್ಸಿನಲ್ಲೂ ಹೆಚ್ಚಬಲ್ಲದು. ಒಂದೇ ಧ್ವನಿಯಲ್ಲಿ ಭೇದವಿರುವ ಪದಜೋಡಿಗಳನ್ನು ಕೇಳಿ ಗುರುತಿಸುವುದು, ಧ್ವನಿಮುದ್ರಿತ ಮಾತಿನ ಬೆನ್ನಿಗೇ ತಾನೂ ನುಡಿಯುತ್ತ ಹೋಗುವುದು, ತನ್ನ ದನಿಯನ್ನು ಫೋನಿನಲ್ಲಿ ಮುದ್ರಿಸಿ ಮೂಲದ ಪಕ್ಕದಲ್ಲಿಟ್ಟು ಕೇಳುವುದು ಬಳಕೆಯಲ್ಲಿರುವ ವಿಧಾನಗಳು. ಹೊಸ ಪದ ಕಲಿತ ದಿನವೇ ನಿಘಂಟಿನಲ್ಲಿ ಒತ್ತಿನ ಗುರುತನ್ನು ನೋಡಿಕೊಳ್ಳುವ ರೂಢಿ ಇವೆಲ್ಲಕ್ಕಿಂತ ಅಗ್ಗದ್ದು, ಹೆಚ್ಚು ಫಲ ಕೊಡುವಂಥದ್ದು. ಡೇನಿಯಲ್ ಜೋನ್ಸ್ ಅವರ ಇಂಗ್ಲಿಷ್ ಉಚ್ಚಾರಣಾ ನಿಘಂಟು 1917ರಿಂದಲೇ ಲಭ್ಯವಿತ್ತು. ಈಗಿನ ಆನ್‌ಲೈನ್ ನಿಘಂಟುಗಳಲ್ಲಿ ದನಿಯೂ ಕೇಳಿಸುತ್ತದೆ.

ದಕ್ಷಿಣ ರಾಜ್ಯಗಳ ಶಿಕ್ಷಕರಿಗೆ ತರಬೇತಿ ನೀಡಲು ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. 2000ದ ಆಸುಪಾಸಿನಲ್ಲಿ ನಗರದ ಕಾಲ್ ಸೆಂಟರುಗಳು ‘ಆ್ಯಕ್ಸೆಂಟ್ ನ್ಯೂಟ್ರಲೈಸೇಶನ್’ ಎಂಬ ತರಬೇತಿಯನ್ನು ತಂದವು. ಕೆಲವೆಡೆ ನೌಕರರು ಪಾಶ್ಚಾತ್ಯ ಹೆಸರುಗಳನ್ನೂ ಇಟ್ಟುಕೊಳ್ಳಬೇಕಾಯಿತು. ಆ ತರಬೇತಿಯಲ್ಲಿ ನಿಜಕ್ಕೂ ಉಪಯುಕ್ತವಾದ ಅಂಶಗಳು ಸರಳವಾದವು: ವೇಗ ತಗ್ಗಿಸುವುದು, ಅರ್ಥದ ತುಂಡು ಮುಗಿದಲ್ಲಿ ನಿಲ್ಲುವುದು, ಮುಖ್ಯ ಪದವನ್ನು ಎತ್ತಿ ಹೇಳುವುದು, ಸಂಖ್ಯೆ ಮತ್ತು ಹೆಸರುಗಳನ್ನು ಬಿಡಿಸಿ ಹೇಳುವುದು. ಇವುಗಳಿಗಾಗಿ ಯಾರೂ ತಮ್ಮ ಹೆಸರನ್ನಾಗಲಿ, ಮಾತಿನಲ್ಲಿರುವ ಧಾರವಾಡವನ್ನೋ ಮಂಡ್ಯವನ್ನೋ ಆಗಲಿ ಬಿಟ್ಟುಕೊಡಬೇಕಿಲ್ಲ.