ಕೋಟೆಯೊಳಗೆ ಇದ್ದು ಬಂದವರು

ಹ್ಯಾಮ್ಲೆಟ್ ಅಂದ ಕೂಡಲೇ ಕೈಯಲ್ಲೊಂದು ತಲೆಬುರುಡೆ ಹಿಡ್ಕೊಂಡು, ಏನೂ ತೀರ್ಮಾನ ಮಾಡೋಕಾಗದೆ ಒದ್ದಾಡೋ ರಾಜಕುಮಾರ ನೆನಪಾಗ್ತಾನೆ. ಗ್ರಿಗೋರಿ ಕೋಜಿಂತ್ಸೆವ್ ಅವರ ಸೋವಿಯತ್ ಸಿನಿಮಾ ನೋಡೋ ತನಕ ನಾನೂ ಹಾಗೇ ಅಂದ್ಕೊಂಡಿದ್ದೆ. 1964ರದ್ದು, ಕಪ್ಪು-ಬಿಳುಪು. ಶುರುವಿನಲ್ಲೇ ಕಡಲು, ಕಲ್ಲಿನ ಕೋಟೆ, ಕಪ್ಪು ಬಾವುಟ. ಹ್ಯಾಮ್ಲೆಟ್ ಕುದುರೆ ಓಡಿಸಿಕೊಂಡು ಒಳಗೆ ಬರ್ತಾನೆ. ಅವನ ಹಿಂದೆಯೇ ಕೋಟೆಯ ಸೇತುವೆ ನಿಧಾನಕ್ಕೆ ಮೇಲೇಳುತ್ತೆ. ಬಂದಿದ್ದು ಅರಮನೆಗಲ್ಲ, ಜೈಲಿಗೆ ಅಂತ ನಮಗೆ ಆಗಲೇ ಗೊತ್ತಾಗಿಬಿಡುತ್ತೆ.

ಈ ಹ್ಯಾಮ್ಲೆಟ್‌ಗೆ ಗೊಂದಲ ಕಡಿಮೆ. ಗೋಡೆಗೂ ಕಿವಿ ಇರೋ ಜಾಗದಲ್ಲಿ ನಿಜ ಗೊತ್ತಿದ್ದವನು ಬದುಕೋದು ಹೇಗೆ ಅನ್ನೋದೇ ಅವನ ಸಮಸ್ಯೆ. ಯಾಕೆ ಹೀಗೆ ಅಂತ ತಿಳೀಬೇಕಾದ್ರೆ ಸಿನಿಮಾ ಮಾಡಿದವರ ಹಿಂದಿನ ಕತೆ ನೋಡ್ಬೇಕು.

ಮಾತುಗಳು ಬೋರಿಸ್ ಪಾಸ್ತರ್ನಾಕ್ ಅವರ ಅನುವಾದದ್ದು. ಅದನ್ನು ಅವರು ಕೈಗೆತ್ತಿಕೊಂಡಿದ್ದು ರಂಗನಿರ್ದೇಶಕ ಮೇಯರ್‌ಹೋಲ್ಡ್‌ಗಾಗಿ. 1939ರ ಜೂನಿನಲ್ಲಿ ಮೇಯರ್‌ಹೋಲ್ಡ್ ಬಂಧನವಾಯ್ತು, 1940ರ ಫೆಬ್ರವರಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ನಾಟಕ ನಿಂತುಹೋಯ್ತು, ಅನುವಾದ ಮಾತ್ರ ಉಳೀತು. 1958ರಲ್ಲಿ ಪಾಸ್ತರ್ನಾಕ್‌ಗೆ ನೊಬೆಲ್ ಬಂತು, ಸರ್ಕಾರದ ಒತ್ತಡಕ್ಕೆ ಅದನ್ನೂ ಬೇಡ ಅನ್ನಬೇಕಾಯ್ತು. ಎರಡೇ ವರ್ಷಕ್ಕೆ ತೀರಿಕೊಂಡರು, ಸಿನಿಮಾ ನೋಡಲಿಲ್ಲ.

ಸಂಗೀತ ಶೋಸ್ತಕೋವಿಚ್ ಅವರದು. 1936ರಲ್ಲಿ ಇವರ ಒಪೆರಾವನ್ನು ‘ಪ್ರಾವ್ದಾ’ ಪತ್ರಿಕೆ ಹರಿದುಹಾಕಿದ ಮೇಲೆ ಯಾವಾಗ ಬಾಗಿಲು ಬಡೀತಾರೋ ಅಂತ ಕಾಯ್ತಾ ಬದುಕಿದವರು. ಹ್ಯಾಮ್ಲೆಟ್ ಆಗಿದ್ದು ಇನ್ನೊಕೆಂತಿ ಸ್ಮೊಕ್ತುನೋವ್ಸ್ಕಿ. ಯುದ್ಧದಲ್ಲಿ ಜರ್ಮನ್ನರಿಗೆ ಸೆರೆಸಿಕ್ಕಿ ತಪ್ಪಿಸಿಕೊಂಡು ಬಂದವರು. ಆದರೆ ಸ್ತಾಲಿನ್ ಕಾಲದಲ್ಲಿ ಸೆರೆಯಾಗಿ ವಾಪಸ್ ಬಂದವನ ಮೇಲೂ ಅನುಮಾನ. ಹಾಗಾಗಿ ದೂರದ ನೊರಿಲ್ಸ್ಕ್‌ಗೆ ಹೋಗಿ, ಅಲ್ಲಿನ ನಾಟಕ ಕಂಪನಿಯಲ್ಲಿ ಕೆಲವು ವರ್ಷ ಕಳೆದರು.

ಸ್ವತಃ ಕೋಜಿಂತ್ಸೆವ್ ಇದೇ ನಾಟಕವನ್ನು ಲೆನಿನ್‌ಗ್ರಾದ್‌ನಲ್ಲಿ ರಂಗಕ್ಕೆ ತಂದಿದ್ದು 1954ರಲ್ಲಿ, ಸ್ತಾಲಿನ್ ಸತ್ತ ಮರುವರ್ಷ.

ಇಷ್ಟು ಗೊತ್ತಾದ ಮೇಲೆ ದೃಶ್ಯಗಳು ಬೇರೆಯೇ ಆಗಿ ಕಾಣ್ತವೆ. ಅಪ್ಪನನ್ನು ಕಳ್ಕೊಂಡ ಒಫೀಲಿಯಾಗೆ ಹೆಂಗಸರು ಮೊದಲು ಕಬ್ಬಿಣದ ಚೌಕಟ್ಟು ತೊಡಿಸಿ, ಅದರ ಮೇಲೆ ಸೂತಕದ ಕಪ್ಪು ಬಟ್ಟೆ ಹಾಕ್ತಾರೆ. ಅಳೋದಕ್ಕೂ ಅರಮನೆಯ ಅಳತೆಯಿದೆ. ಹ್ಯಾಮ್ಲೆಟ್ ಹಳೇ ಗೆಳೆಯನ ಕೈಗೆ ಕೊಳಲು ಕೊಟ್ಟು, ಇದನ್ನೇ ನುಡಿಸೋಕೆ ಬಾರದವನು ನನ್ನನ್ನು ಹೇಗೆ ನುಡಿಸ್ತೀಯಾ ಅಂತ ಕೇಳೋ ಕಡೆ, ಆ ಪ್ರಶ್ನೆ ಗೆಳೆಯನೊಬ್ಬನಿಗೇ ಕೇಳಿದ್ದು ಅಂತ ಅನ್ನಿಸೋದಿಲ್ಲ.

ಅದೇ ವರ್ಷ ವೆನಿಸ್‌ನಲ್ಲಿ ಸಿನಿಮಾಕ್ಕೆ ವಿಶೇಷ ಜ್ಯೂರಿ ಬಹುಮಾನ ಬಂತು. ಅಕ್ಟೋಬರಿನಲ್ಲಿ ಕ್ರುಶ್ಚೇವ್ ಅಧಿಕಾರ ಹೋಯ್ತು, ಸ್ವಲ್ಪ ಸಡಿಲವಾಗಿದ್ದ ಹಗ್ಗ ಮತ್ತೆ ಬಿಗಿಯಾಗತೊಡಗಿತು. ಸೇತುವೆ ಇಳಿದಿದ್ದ ಆ ಕೆಲವೇ ವರ್ಷಗಳಲ್ಲಿ ಇವರೆಲ್ಲ ಸೇರಿ ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದರು. ಅದೂ ಮುನ್ನೂರೈವತ್ತು ವರ್ಷ ಹಳೆಯ ನಾಟಕವೊಂದರ ಹೆಸರಿನಲ್ಲಿ.